ಅದೇ ಕೈ, ಬೇರೆ ವೇಗ: ನಿಧಾನದ ಎಸೆತ ಬ್ಯಾಟರ್‌ನನ್ನು ಹೇಗೆ ಕೆಡವುತ್ತದೆ?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಟೆನಿಸ್ ಬಾಲ್ ಕ್ರಿಕೆಟ್ ನೋಡಲು ನಿಂತರೆ ಬೌಂಡರಿ ಗೆರೆಯ ಹೊರಗಿನಿಂದ ಬೌಲರ್‌ಗೆ ಬರುವ ಸಲಹೆ ಸಾಮಾನ್ಯವಾಗಿ ಒಂದೇ: "ಜೋರ್ ಒಗಿ". ಓವರಿನ ಮೊದಲ ಚೆಂಡಿಗೂ ಅದೇ, ಸಿಕ್ಸರ್ ಹೊಡೆಸಿಕೊಂಡ ಮೇಲೂ ಅದೇ. ಹುಡುಗ ಮೈಯಲ್ಲಿರುವ ಶಕ್ತಿಯನ್ನೆಲ್ಲ ಭುಜಕ್ಕೆ ತಂದು ಇನ್ನೂ ಜೋರಾಗಿ ಒಗೆಯುತ್ತಾನೆ. ಅದೂ ಸಿಕ್ಸರ್ ಹೋಗುತ್ತದೆ.

ಆ ಎರಡನೇ ಸಿಕ್ಸರ್ ಯಾಕೆ ಹೋಯಿತು ಅನ್ನೋದನ್ನು ವಿವರಿಸುವುದು ಈ ಬರಹದ ಕೆಲಸ. ಬ್ಯಾಟರ್ ಒಂದು ವೇಗಕ್ಕೆ ತನ್ನ ಕಣ್ಣು, ಕಾಲು, ಕೈ ಮೂರನ್ನೂ ಹೊಂದಿಸಿಕೊಂಡ ಮೇಲೆ ಅದೇ ವೇಗದ ಇನ್ನೊಂದು ಚೆಂಡು ಅವನಿಗೆ ಸಹಾಯವೇ. ನಾಲ್ಕೈದು ಕಿ.ಮೀ. ಹೆಚ್ಚಾದರೂ ಅವನ ಲೆಕ್ಕ ಕೆಡಲ್ಲ. ಅವನನ್ನು ಕೆಡವಬೇಕಾದರೆ ಅವನು ನಂಬಿರುವ ಸಮಯವನ್ನೇ ಸುಳ್ಳಾಗಿಸಬೇಕು. ಈ ವಿದ್ಯೆಯನ್ನು ಕ್ರಿಕೆಟ್ಟಿನಲ್ಲಿ ಸ್ಲೋವರ್ ಬಾಲ್ ಅಂತಾರೆ. ಅದರ ಶುದ್ಧ ರೂಪ ನೋಡಬೇಕಿದ್ದರೆ ಮಾತ್ರ ನಮ್ಮಲ್ಲಿ ಹೆಚ್ಚು ಜನ ನೋಡದ ಒಂದು ಆಟಕ್ಕೆ ಹೋಗಬೇಕು. ಅದು ಫಾಸ್ಟ್‌ಪಿಚ್ ಸಾಫ್ಟ್‌ಬಾಲ್.

ಸಾಫ್ಟ್‌ಬಾಲ್ ನಮಗೆ ಪೂರ್ತಿ ಅಪರಿಚಿತವೇನಲ್ಲ. ಶಾಲಾ ಕ್ರೀಡಾಕೂಟಗಳ ಪಟ್ಟಿಯಲ್ಲಿದೆ, ಅಂತರ ವಿಶ್ವವಿದ್ಯಾಲಯ ಕೂಟಗಳಲ್ಲಿದೆ. 1996ರಿಂದ 2008ರವರೆಗೆ ಒಲಿಂಪಿಕ್ಸ್‌ನಲ್ಲಿತ್ತು, ಟೋಕಿಯೊಗೆ ವಾಪಸಾಯಿತು, 2028ರ ಲಾಸ್ ಏಂಜಲೀಸ್‌ನಲ್ಲೂ ಇರುತ್ತದೆ. 2023ರ ಅಕ್ಟೋಬರ್‌ನಲ್ಲಿ ಮುಂಬೈನಲ್ಲಿ ನಡೆದ ಒಲಿಂಪಿಕ್ ಸಮಿತಿಯ ಅಧಿವೇಶನ ಕ್ರಿಕೆಟ್ಟಿಗೆ ಹಸಿರು ನಿಶಾನೆ ತೋರಿದ ದಿನವೇ ಬೇಸ್‌ಬಾಲ್-ಸಾಫ್ಟ್‌ಬಾಲ್‌ಗೂ ತೋರಿತು. ನಮ್ಮ ಪತ್ರಿಕೆಗಳಲ್ಲಿ ಮೊದಲನೆಯದಷ್ಟೇ ತಲೆಬರಹವಾಯಿತು, ಅದು ಬೇರೆ ಮಾತು.

ಹನ್ನೊಂದು ಮೀಟರ್, ಅರ್ಧ ಸೆಕೆಂಡಿಗೂ ಕಡಿಮೆ

ಹೆಸರಿನಲ್ಲಿ "ಸಾಫ್ಟ್" ಇದ್ದರೂ ಚೆಂಡು ಮೆತ್ತಗಿಲ್ಲ. ಸುತ್ತಳತೆ ಸುಮಾರು 30 ಸೆಂ.ಮೀ., ತೂಕ 180 ಗ್ರಾಂ ಆಸುಪಾಸು, ಅಂದರೆ ಕ್ರಿಕೆಟ್ ಚೆಂಡಿಗಿಂತ ದೊಡ್ಡದು, ಭಾರವೂ ಹೆಚ್ಚು. ಎಸೆಯುವವಳು ಅಂದರೆ ಪಿಚರ್, ತೋಳನ್ನು ಗಾಳಿಯಂತ್ರದ ರೆಕ್ಕೆಯ ಹಾಗೆ ಒಂದು ಪೂರ್ತಿ ಸುತ್ತು ತಿರುಗಿಸಿ ಸೊಂಟದ ಪಕ್ಕದಿಂದ, ಕೆಳಗಿನಿಂದಲೇ ಚೆಂಡು ಬಿಡಬೇಕು. ಮಹಿಳೆಯರ ಅಂತರರಾಷ್ಟ್ರೀಯ ಆಟದಲ್ಲಿ ಪಿಚರ್‌ನ ಫಲಕದಿಂದ ಬ್ಯಾಟರ್ ಮುಂದಿನ ಹೋಮ್ ಪ್ಲೇಟ್‌ಗೆ 13.11 ಮೀಟರ್. ಪಿಚರ್ ಮುಂದಕ್ಕೆ ದೊಡ್ಡ ಹೆಜ್ಜೆ ಹಾಕಿ ಎಸೆಯುವುದರಿಂದ ಚೆಂಡು ನಿಜವಾಗಿ ಕ್ರಮಿಸುವುದು ಸುಮಾರು 11 ಮೀಟರ್ ಮಾತ್ರ.

ಈಗ ಲೆಕ್ಕ ಹಾಕಿ. ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನಿಗೆ ಇಷ್ಟು ಚಟ ಉಳಿದಿರುತ್ತೆ. ಗಾಳಿಯ ತಡೆಯನ್ನು ಸದ್ಯ ಬದಿಗಿಡೋಣ. ಗಂಟೆಗೆ 105 ಕಿ.ಮೀ. ವೇಗದ ಚೆಂಡು 11 ಮೀಟರ್ ದಾಟಲು 0.38 ಸೆಕೆಂಡು ಸಾಕು. ಬ್ಯಾಟ್ ಬೀಸುವುದಕ್ಕೇ 0.15 ಸೆಕೆಂಡಿನಷ್ಟು ಬೇಕು. ಉಳಿದದ್ದು 0.23. ಇಷ್ಟರಲ್ಲಿ ಚೆಂಡು ಕಾಣಬೇಕು, ಎಲ್ಲಿ ಬರುತ್ತೆ ಅಂತ ಅಂದಾಜಿಸಬೇಕು, ಹೊಡೆಯಬೇಕೋ ಬಿಡಬೇಕೋ ತೀರ್ಮಾನಿಸಬೇಕು. ಮನುಷ್ಯನ ನರಮಂಡಲ ಒಂದು ಸರಳ ಪ್ರಚೋದನೆಗೆ ಸ್ಪಂದಿಸಲು ತೆಗೆದುಕೊಳ್ಳುವ ಕಾಲವೇ ಸುಮಾರು 0.2 ಸೆಕೆಂಡು. ಹೀಗಾಗಿ ಬ್ಯಾಟರ್ ಚೆಂಡನ್ನು ಪೂರ್ತಿ ನೋಡಿ ಹೊಡೆಯುವುದಿಲ್ಲ, ಊಹಿಸಿ ಹೊಡೆಯುತ್ತಾಳೆ. ಅಮೆರಿಕದ ಮೋನಿಕಾ ಅಬಾಟ್ 2012ರಲ್ಲಿ ಎಸೆದ ಗಂಟೆಗೆ 124 ಕಿ.ಮೀ.ನ, ಆಗಿನ ದಾಖಲೆ ಎಸೆತವಂತೂ ಇದಕ್ಕಿಂತಲೂ ಕಡಿಮೆ ಸಮಯ ಕೊಟ್ಟಿರುತ್ತೆ.

ಇದೇ ಪಿಚರ್ ಅದೇ ತೋಳು ತಿರುಗಿಸಿ 80 ಕಿ.ಮೀ. ವೇಗದ ಚೆಂಡು ಬಿಟ್ಟಳು ಅಂದುಕೊಳ್ಳಿ. ಇದಕ್ಕೆ ಚೇಂಜ್‌ಅಪ್ ಎಂದು ಹೆಸರು. ಈ ಚೆಂಡಿಗೆ ಬೇಕಾಗುವುದು 0.50 ಸೆಕೆಂಡು. ವ್ಯತ್ಯಾಸ 0.12. ಕೇಳಲು ಏನೂ ಅಲ್ಲ ಅನಿಸುತ್ತೆ. ಆದರೆ ವೇಗದ ಚೆಂಡು ಪ್ಲೇಟ್ ಮೇಲಿರಬೇಕಾದ ಕ್ಷಣದಲ್ಲಿ ಈ ನಿಧಾನದ ಚೆಂಡು ಇನ್ನೂ 2.6 ಮೀಟರ್ ದೂರದಲ್ಲಿದೆ! ಬ್ಯಾಟ್ ಆಗಲೇ ಹೋಗಿಬಿಟ್ಟಿರುತ್ತೆ, ಮೈಭಾರ ಮುಂದಿನ ಕಾಲಿಗೆ ಬಂದಿರುತ್ತೆ, ಚೆಂಡು ಆಮೇಲೆ ಬರುತ್ತೆ. ಬ್ಯಾಟ್ ತಾಗಿದರೂ ಸೊಂಟದ ಶಕ್ತಿ ಖಾಲಿಯಾಗಿ ಬರೀ ಕೈಯ ಹೊಡೆತ ಉಳಿದಿರುತ್ತೆ. ಗಾಳಿಯಲ್ಲಿ ಹೆಚ್ಚು ಹೊತ್ತು ಇರುವುದರಿಂದ ನಿಧಾನದ ಚೆಂಡನ್ನು ಗುರುತ್ವವೂ ಹೆಚ್ಚು ಎಳೆಯುತ್ತೆ. ಒಂದೇ ದಿಕ್ಕಿನಲ್ಲಿ ಬಿಟ್ಟರೆ ಅದು ವೇಗದ ಚೆಂಡಿಗಿಂತ ಸುಮಾರು ಅರ್ಧ ಮೀಟರ್ ಕೆಳಗೆ ಬಂದಿರುತ್ತೆ. ಹೀಗಾಗಿ ತಪ್ಪು ಎರಡು ಕಡೆ: ಗಳಿಗೆ ತಪ್ಪುತ್ತೆ, ಎತ್ತರವೂ ತಪ್ಪುತ್ತೆ.

ಕ್ರಿಕೆಟ್ಟಿಗೆ ಬನ್ನಿ. ಎರಡು ಪಾಪಿಂಗ್ ಕ್ರೀಸ್‌ಗಳ ನಡುವೆ 17.7 ಮೀಟರ್. 135 ಕಿ.ಮೀ.ನ ಚೆಂಡಿಗೆ ಸುಮಾರು 0.47 ಸೆಕೆಂಡು, 110ರ ಚೆಂಡಿಗೆ 0.58. ಇಲ್ಲೂ ಅಂತರ ಹತ್ತಿರಹತ್ತಿರ ಸೆಕೆಂಡಿನ ಹತ್ತನೇ ಒಂದು ಭಾಗವೇ. ಆಟ ಬೇರೆ, ಚೆಂಡು ಬೇರೆ, ತೋಳಿನ ಚಲನೆ ಬೇರೆ; ಬ್ಯಾಟರ್‌ನಿಂದ ಕದಿಯುವ ಮೊತ್ತ ಮಾತ್ರ ಒಂದೇ.

ಕಣ್ಣು ವೇಗ ಅಳೆಯಲ್ಲ

ಹಾಗಾದರೆ ಬ್ಯಾಟರ್ ಚೆಂಡು ನಿಧಾನ ಅಂತ ನೋಡಿ ಕಾಯಬಾರದೇ? ಕಾಯಲಾಗಲ್ಲ. ನೇರವಾಗಿ ನಮ್ಮ ಕಡೆಗೇ ಬರುವ ವಸ್ತುವಿನ ವೇಗ ಅಳೆಯುವುದರಲ್ಲಿ ಕಣ್ಣು ಬಹಳ ದಡ್ಡ. ಪಕ್ಕದಲ್ಲಿ ಹೋಗುವ ಬಸ್ಸಿನ ವೇಗ ಸುಲಭವಾಗಿ ತಿಳಿಯುತ್ತೆ, ಎದುರಿಂದ ಬರುವ ಬಸ್ಸಿನದು ತಿಳಿಯಲ್ಲ. ಸಂಕೇಶ್ವರದ ಹತ್ತಿರ ಹೆದ್ದಾರಿ ದಾಟಿದವರಿಗೆ ಇದು ಗೊತ್ತು. ಆದ್ದರಿಂದ ಮೆದುಳು ಬೇರೆ ಸುಳಿವು ಹುಡುಕುತ್ತೆ: ಓಟದ ಲಯ, ಭುಜ ತಿರುಗಿದ ರಭಸ, ಮಣಿಕಟ್ಟಿನ ಕೋನ, ಚೆಂಡು ಕೈಬಿಟ್ಟ ಜಾಗ. ತೋಳು ಜೋರಾಗಿ ಬಂತು, ಹಾಗಾದರೆ ಚೆಂಡೂ ಜೋರಾಗಿ ಬರುತ್ತೆ ಅಂತ ಅದು ತೀರ್ಮಾನಿಸುತ್ತೆ.

2000ನೇ ಇಸವಿಯಲ್ಲಿ ಮೈಕೇಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯಡ್ ಎಂಬ ಇಬ್ಬರು ವಿಜ್ಞಾನಿಗಳು ಬ್ಯಾಟರ್‌ಗಳ ಕಣ್ಣಿನ ಚಲನೆಯನ್ನು ಕ್ಯಾಮೆರಾದಲ್ಲಿ ಹಿಡಿದರು. "ಚೆಂಡಿನ ಮೇಲೆ ಕಣ್ಣಿಡು" ಎಂಬ ಎಲ್ಲ ಕೋಚ್‌ಗಳ ಮಾತಿಗೆ ಅಲ್ಲಿ ಸಿಕ್ಕ ಉತ್ತರ ಸ್ವಲ್ಪ ಮುಜುಗರದ್ದು. ಬ್ಯಾಟರ್ ಚೆಂಡು ಬಿಡುವ ಕ್ಷಣವನ್ನು ನೋಡುತ್ತಾನೆ, ಆಮೇಲೆ ಕಣ್ಣನ್ನು ಚೆಂಡಿಗಿಂತ ಮುಂದೆ, ಅದು ಪುಟಿಯಬಹುದಾದ ಜಾಗಕ್ಕೆ ಜಿಗಿಸಿ ಅಲ್ಲಿ ಕಾಯುತ್ತಾನೆ. ಒಳ್ಳೆಯ ಬ್ಯಾಟರ್ ಆದಷ್ಟೂ ಈ ಜಿಗಿತ ಬೇಗ. ಅಂದರೆ ಚೆಂಡು ಕೈಬಿಟ್ಟ ತಕ್ಷಣದ ಮಾಹಿತಿಯ ಮೇಲೆ ಇಡೀ ಹೊಡೆತ ನಿಂತಿದೆ. ಆ ಮಾಹಿತಿಯನ್ನೇ ಸುಳ್ಳು ಮಾಡಿದರೆ ಕಣ್ಣು ತಪ್ಪು ಜಾಗದಲ್ಲಿ ಕಾಯುತ್ತಿರುತ್ತೆ. ಕ್ರಿಕೆಟ್ಟಿನಲ್ಲಿ ಚೆಂಡು ಪುಟಿಯುವುದರಿಂದ ಬ್ಯಾಟರ್‌ಗೆ ತಿದ್ದಿಕೊಳ್ಳಲು ಒಂದು ಎರಡನೇ ಅವಕಾಶವಿದೆ. ಸಾಫ್ಟ್‌ಬಾಲ್‌ನಲ್ಲಿ ಅದೂ ಇಲ್ಲ, ಅದಕ್ಕೇ ಅಲ್ಲಿ ಚೇಂಜ್‌ಅಪ್ ಇಷ್ಟು ಕ್ರೂರ.

ಇದರಿಂದ ಹುಟ್ಟುವ ನಿಯಮವೊಂದು ಮೊದಲ ಸಲ ಕೇಳಿದರೆ ವಿಚಿತ್ರ ಅನಿಸುತ್ತೆ. ನಿಧಾನದ ಎಸೆತದ ಗುಟ್ಟು ನಿಧಾನದಲ್ಲಿ ಇಲ್ಲ. ಉಳಿದದ್ದೆಲ್ಲ ಒಂದೇ ಥರ ಕಾಣುವುದರಲ್ಲಿದೆ. ತೋಳನ್ನು ಹಳೂಕ ತಿರುಗಿಸಿ ಹಳೂಕ ಒಗೆದರೆ ಅದು ಸ್ಲೋವರ್ ಬಾಲ್ ಅಲ್ಲ, ಕೆಟ್ಟ ಬಾಲ್. ನಮ್ಮ ಮೈದಾನಗಳಲ್ಲಿ "ಸ್ಲೋ ಹಾಕಿದೆ, ಆದ್ರೂ ಹೊಡ್ದ" ಅಂತ ದೂರುವ ಬೌಲರ್‌ಗಳಲ್ಲಿ ಹೆಚ್ಚಿನವರ ಸಮಸ್ಯೆ ಇದು.

ಮಿಲ್ ರೀಫ್ ಮತ್ತು ಲೆಗ್ ಕಟರ್

ಕರ್ನಾಟಕದ ಬೌಲಿಂಗ್ ಚರಿತ್ರೆಯನ್ನು ವೇಗದ ವ್ಯತ್ಯಾಸದ ಚರಿತ್ರೆ ಅಂತಲೂ ಓದಬಹುದು. ನಮ್ಮಲ್ಲಿ ಶುದ್ಧ ವೇಗಿಗಳು ಕಡಿಮೆ, ತಲೆ ಓಡಿಸಿದವರು ಹೆಚ್ಚು.

ಮೊದಲು ಬಿ.ಎಸ್. ಚಂದ್ರಶೇಖರ್. ಬಾಲ್ಯದಲ್ಲಿ ಪೋಲಿಯೊ ತಗುಲಿ ಸೊರಗಿದ ಬಲಗೈಯಿಂದಲೇ ಬೌಲ್ ಮಾಡುತ್ತಿದ್ದರು, ಫೀಲ್ಡಿಂಗ್‌ನಲ್ಲಿ ಚೆಂಡು ಎಸೆಯುತ್ತಿದ್ದದ್ದು ಎಡಗೈಯಿಂದ. ಅವರು ಲೆಗ್ ಸ್ಪಿನ್ನರ್. ಆದರೆ ನಡುವೆ ಒಂದು ಎಸೆತ ಮಧ್ಯಮ ವೇಗಿಯನ್ನೂ ನಾಚಿಸುವಂತೆ ಬರುತ್ತಿತ್ತು. 1971ರ ಆಗಸ್ಟ್‌ನಲ್ಲಿ ಓವಲ್ ಟೆಸ್ಟ್‌ನ ಎರಡನೇ ಇನ್ನಿಂಗ್ಸ್. ಜಾನ್ ಎಡ್ರಿಚ್ ಎದುರು ಚಂದ್ರ ಓಡಿ ಬರುವ ಮೊದಲು ದಿಲೀಪ್ ಸರ್ದೇಸಾಯಿ "ಮಿಲ್ ರೀಫ್" ಹಾಕು ಅಂದರಂತೆ. ಮಿಲ್ ರೀಫ್ ಆ ವರ್ಷ ಇಂಗ್ಲೆಂಡಿನ ಡರ್ಬಿ ಗೆದ್ದ ಕುದುರೆ. ತಂಡದೊಳಗೆ ಅದು ಚಂದ್ರನ ವೇಗದ ಎಸೆತಕ್ಕೆ ಸಂಕೇತ. ಎಡ್ರಿಚ್ ಬ್ಯಾಟ್ ಇಳಿಸುವಷ್ಟರಲ್ಲಿ ಸ್ಟಂಪ್ ಬಿದ್ದಿತ್ತು, ಸೊನ್ನೆಗೆ ಔಟ್. ಇಂಗ್ಲೆಂಡ್ 101ಕ್ಕೆ ಆಲೌಟ್, ಚಂದ್ರನಿಗೆ 38 ರನ್‌ಗೆ 6 ವಿಕೆಟ್, ಭಾರತಕ್ಕೆ ಇಂಗ್ಲೆಂಡ್ ನೆಲದಲ್ಲಿ ಮೊದಲ ಸರಣಿ ಜಯ. ಚೇಂಜ್‌ಅಪ್ ತಲೆಕೆಳಗಾದರೆ ಹೀಗಿರುತ್ತೆ. ನಿಧಾನಕ್ಕೆ ಹೊಂದಿಕೊಂಡವನಿಗೆ ಒಂದು ವೇಗದ್ದು. ಬೀಸುವುದು ಬೇಗ ಆಗುವ ಬದಲು ತಡವಾಗುತ್ತೆ, ಅಷ್ಟೇ ವ್ಯತ್ಯಾಸ.

ವೆಂಕಟೇಶ್ ಪ್ರಸಾದ್ ಅಂದರೆ ಎಲ್ಲರಿಗೂ ನೆನಪಾಗುವುದು 1996ರ ಮಾರ್ಚ್ 9ರ ಬೆಂಗಳೂರು ಮತ್ತು ಆಮೇರ್ ಸೊಹೈಲ್‌ನ ಬಿದ್ದ ಸ್ಟಂಪ್. ಅದು ಜಗಳದ ಕತೆ, ಯೂಟ್ಯೂಬ್‌ಗೆ ಚೆನ್ನ. ಬೌಲಿಂಗ್ ಕಲಿಯುವವರು ನೋಡಬೇಕಾದದ್ದು ಅವರ ಲೆಗ್ ಕಟರ್. ಜೋರಾದ ವೇಗ ಅವರಿಗೆ ಎಂದೂ ಇರಲಿಲ್ಲ. ಅದೇ ಓಟ, ಅದೇ ಎತ್ತರದ ತೋಳು, ಆದರೆ ಬೆರಳುಗಳು ಚೆಂಡಿನ ಹಿಂದೆ ನಿಂತು ತಳ್ಳುವ ಬದಲು ಅದರ ಪಕ್ಕವನ್ನು ಸವರಿಕೊಂಡು ಹೋಗುತ್ತಿದ್ದವು. ತೋಳಿನ ಶಕ್ತಿಯ ಒಂದು ಪಾಲು ಚೆಂಡಿನ ಓಟದಿಂದ ಚೆಂಡಿನ ತಿರುಗುವಿಕೆಗೆ ಹೋಗಿ ವೇಗ ತಾನಾಗಿಯೇ ಇಳಿಯುತ್ತಿತ್ತು, ಜತೆಗೆ ಪಿಚ್ ಮೇಲೆ ಹೊರಕ್ಕೂ ಸರಿಯುತ್ತಿತ್ತು. ಇಷ್ಟು ಬಂಡವಾಳದಲ್ಲಿ 161 ಏಕದಿನಗಳಲ್ಲಿ 196 ವಿಕೆಟ್, 33 ಟೆಸ್ಟ್‌ಗಳಲ್ಲಿ 96.

ಇನ್ನೊಂದು ತುದಿಯಲ್ಲಿದ್ದ ಜಾವಗಲ್ ಶ್ರೀನಾಥ್ ನಿಜವಾದ ವೇಗಿ. 1997ರಲ್ಲಿ ಭುಜದ ಗಾಯ ಶಸ್ತ್ರಚಿಕಿತ್ಸೆಗೆ ಹೋಯಿತು, ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು. ಆಮೇಲೂ ಅವರು ಆರು ವರ್ಷ ಆಡಿದ್ದು, 2003ರ ವಿಶ್ವಕಪ್‌ನಲ್ಲಿ 16 ವಿಕೆಟ್ ತೆಗೆದದ್ದು ಬರೀ ವೇಗದಿಂದಲ್ಲ, ಕಟರ್‌ಗಳಿಂದ, ಅಳತೆಯಿಂದ. ದಾವಣಗೆರೆಯ ವಿನಯ್ ಕುಮಾರ್ ಕತೆಯಂತೂ ಇನ್ನೂ ನೇರ. ಅವರ ವೇಗದ ಬಗ್ಗೆ ಕೊಂಕು ಮಾತು ಕೊನೆಯವರೆಗೂ ತಪ್ಪಲಿಲ್ಲ. ಆದರೆ ರಣಜಿಯಲ್ಲಿ 400ಕ್ಕೂ ಹೆಚ್ಚು ವಿಕೆಟ್, ನಾಯಕನಾಗಿ 2013-14 ಮತ್ತು 2014-15ರಲ್ಲಿ ಸತತ ಎರಡು ಸಲ ಟ್ರೋಫಿ. ಕೊಂಕಾಡಿದವರ ಲೆಕ್ಕ ನನಗೆ ಗೊತ್ತಿಲ್ಲ.

ಬೆರಳಲ್ಲಿ ಬ್ರೇಕು

ತೋಳನ್ನು ನಿಧಾನ ಮಾಡುವಂತಿಲ್ಲ, ಚೆಂಡು ಮಾತ್ರ ನಿಧಾನವಾಗಬೇಕು. ಬ್ರೇಕ್ ಎಲ್ಲಿ ಹಾಕೋದು? ಎರಡೂ ಆಟಗಳ ಉತ್ತರ ಒಂದೇ: ಮಣಿಕಟ್ಟು ಮತ್ತು ಬೆರಳು. ಚೆಂಡಿಗೆ ಕೊನೆಯ ತಳ್ಳು ಸಿಗುವುದು ಅಲ್ಲಿ, ಬ್ಯಾಟರ್ ಕಣ್ಣಿಗೆ ಅತಿ ಕಡಿಮೆ ಕಾಣುವ ಭಾಗವೂ ಅದೇ.

ಸಾಫ್ಟ್‌ಬಾಲ್ ಪಿಚರ್‌ಗಳಲ್ಲಿ ಕೆಲವರು ಚೆಂಡನ್ನು ಅಂಗೈಗೆ ಒತ್ತಿ ಹಿಡಿದು ಮಣಿಕಟ್ಟು ಬಿಗಿಯಾಗಿಟ್ಟು ಮುಂದಕ್ಕೆ ತಳ್ಳುತ್ತಾರೆ. ಕೆಲವರು ಬೆರಳ ಗಿಣ್ಣುಗಳನ್ನು ಚೆಂಡಿಗೆ ಒತ್ತಿ ಬಿಡುತ್ತಾರೆ. ಹೆಚ್ಚು ಮೋಸದ್ದು ಹಿಂಗೈ ಎಸೆತ: ತೋಳು ಪೂರ್ತಿ ರಭಸದಲ್ಲಿ ಇಳಿದು ಸೊಂಟದ ಹತ್ತಿರ ಬಂದಾಗ ಕೈ ತಿರುಗಿ ಕೈಯ ಹಿಂಭಾಗ ಬ್ಯಾಟರ್ ಕಡೆಗಾಗುತ್ತೆ, ಚೆಂಡು ಬೆರಳ ಸಂದಿಯಿಂದ ಜಾರಿ ಹೊರಬರುತ್ತೆ. ಕ್ರಿಕೆಟ್ಟಿನ ಬ್ಯಾಕ್ ಆಫ್ ದ ಹ್ಯಾಂಡ್ ಎಸೆತ ಇದರ ಸೋದರ. 1987ರ ವಿಶ್ವಕಪ್‌ನಲ್ಲಿ ಸ್ಟೀವ್ ವಾ ಅದರಿಂದಲೇ ಹೆಸರು ಮಾಡಿದ್ದು. ಗಿಣ್ಣಿನ ಹಿಡಿತವನ್ನು 2011ರ ವಿಶ್ವಕಪ್‌ನಲ್ಲಿ ಜಹೀರ್ ಖಾನ್ ಬಳಸಿದರು.

ಇವುಗಳಲ್ಲಿ ಯಾವುದನ್ನು ಕಲಿಯಬೇಕು? ಕೈ ಚಿಕ್ಕದಿರುವ ಹುಡುಗ ಹುಡುಗಿಯರಿಗೆ ಮೊದಲು ಕಟರ್ ಅಥವಾ ಅಂಗೈ ಹಿಡಿತ ಎಂಬುದು ನನ್ನ ಅಭಿಪ್ರಾಯ. ಹಿಂಗೈ ಎಸೆತ ನೋಡಲು ಚಂದ, ಆದರೆ ಹಿಡಿತ ತಪ್ಪಿದರೆ ಎದೆಯೆತ್ತರಕ್ಕೆ ತೇಲುವ ಚೆಂಡು ಬ್ಯಾಟರ್‌ಗೆ ಹಬ್ಬ. ನಿಧಾನದ ಚೆಂಡು ಕೆಳಗೇ ಇರಬೇಕು. ಸಾಫ್ಟ್‌ಬಾಲ್‌ನಲ್ಲಿ ಮೊಣಕಾಲಿನ ಮಟ್ಟ, ಕ್ರಿಕೆಟ್ಟಿನಲ್ಲಿ ಫುಲ್ ಲೆಂಗ್ತ್ ಅಥವಾ ಯಾರ್ಕರ್. 2018ರ ಡಿಸೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಊಟದ ವಿರಾಮಕ್ಕೆ ಮುಂಚಿನ ಕೊನೆಯ ಎಸೆತದಲ್ಲಿ ಜಸ್‌ಪ್ರೀತ್ ಬೂಮ್ರಾ ಶಾನ್ ಮಾರ್ಷ್‌ಗೆ ಹಾಕಿದ್ದು ನೆನಪಿಸಿಕೊಳ್ಳಿ. ತನ್ನ ಮಾಮೂಲಿ ವೇಗಕ್ಕಿಂತ 25 ಕಿ.ಮೀ.ಗೂ ಹೆಚ್ಚು ಕಡಿಮೆ, ಅದೂ ಯಾರ್ಕರ್. ಮಾರ್ಷ್ ಆಡಿ ಮುಗಿಸಿದ ಮೇಲೆ ಚೆಂಡು ಬಂದು ಪ್ಯಾಡಿಗೆ ಬಡಿಯಿತು.

ಯಾವಾಗ ಹಾಕಬಾರದು ಅನ್ನೋದು ಯಾವಾಗ ಹಾಕಬೇಕು ಅನ್ನೋದಕ್ಕಿಂತ ಮುಖ್ಯ. ನಿಮ್ಮ ವೇಗಕ್ಕೇ ತಡವಾಗಿ ಬೀಸುತ್ತಿರುವ ಬ್ಯಾಟರ್‌ಗೆ ನಿಧಾನದ ಚೆಂಡು ಹಾಕಬೇಡಿ. ಅವನಿಗೆ ಕೊರತೆಯಿದ್ದದ್ದೇ ಸಮಯ, ಅದನ್ನು ನೀವೇ ಕೈಗೆ ಕೊಟ್ಟಂತೆ. ನಿಧಾನದ್ದು ಬೇಗ ಬೀಸುವವನಿಗೆ, ಮುಂಚಿತವಾಗಿ ಕಾಲು ಚಾಚುವವನಿಗೆ, ಹಿಂದಿನ ಜೋರು ಎಸೆತವನ್ನು ಸ್ಕ್ವೇರ್ ಲೆಗ್ ಕಡೆ ಎಳೆದವನಿಗೆ. ಪ್ರತಿ ಓವರಿನ ನಾಲ್ಕನೇ ಚೆಂಡು ಅಂತ ಲೆಕ್ಕ ಇಟ್ಟು ಹಾಕಿದರೆ ಎರಡನೇ ಓವರಿಗೆ ಪ್ರೇಕ್ಷಕರಿಗೂ ಗೊತ್ತಾಗಿರುತ್ತೆ. ಸಾಫ್ಟ್‌ಬಾಲ್‌ನಲ್ಲಿ ಏಳು ಇನ್ನಿಂಗ್ಸ್, ಒಂಬತ್ತು ಬ್ಯಾಟರ್. ಒಬ್ಬಳೇ ಬ್ಯಾಟರ್ ಅದೇ ಪಿಚರ್‌ನನ್ನು ಮೂರು ಸಲವಾದರೂ ಎದುರಿಸಬಹುದು. ಬರೀ ವೇಗವಿದ್ದ ಪಿಚರ್ ಬಂಡವಾಳ ಎರಡನೇ ಸುತ್ತಿಗೆ ಬಯಲಾಗುತ್ತೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಯುಕಿಕೊ ಉಎನೊ ಎರಡು ದಿನದಲ್ಲಿ ಮೂರು ಪಂದ್ಯ, 413 ಎಸೆತ ಹಾಕಿ ಚಿನ್ನ ಗೆದ್ದರು. 413ನ್ನೂ ಒಂದೇ ವೇಗದಲ್ಲಿ ಹಾಕಿ ಗೆಲ್ಲುವುದು ಸಾಧ್ಯವಿರಲಿಲ್ಲ. 2021ರ ಜುಲೈನಲ್ಲಿ ಟೋಕಿಯೊದಲ್ಲಿ ಮತ್ತೆ ಚಿನ್ನ ಗೆದ್ದಾಗ ಅವರಿಗೆ 39 ವರ್ಷ.

ಇದು ಕವಚವೂ ಅಲ್ಲ. 2021ರ ಐಪಿಎಲ್‌ನಲ್ಲಿ ಹರ್ಷಲ್ ಪಟೇಲ್ ನಿಧಾನದ ಎಸೆತಗಳನ್ನೇ ಮುಖ್ಯ ಅಸ್ತ್ರ ಮಾಡಿಕೊಂಡು ರಾಯಲ್ ಚಾಲೆಂಜರ್ಸ್‌ಗೆ 32 ವಿಕೆಟ್ ತೆಗೆದರು. ಅದೇ ಋತುವಿನಲ್ಲಿ ರವೀಂದ್ರ ಜಡೇಜ ಅವರ ಒಂದೇ ಓವರಿನಲ್ಲಿ 37 ರನ್ ಬರುವಂತೆ ಮಾಡಿದ್ದೂ ನಡೆಯಿತು.

ನಮ್ಮ ಮೈದಾನದ ಲೆಕ್ಕ

ಮೂರೂ ತಾಲೂಕುಗಳ ಹುಡುಗರಿಗೆ ಇದು ಬೇರೆಯವರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತೆ ಅನ್ನಲು ಒಂದು ಭೌತಿಕ ಕಾರಣವಿದೆ. ಮಾಮೂಲಿ ಟೆನಿಸ್ ಚೆಂಡಿನ ತೂಕ 58 ಗ್ರಾಂ ಆಸುಪಾಸು, ಕ್ರಿಕೆಟ್ ಚೆಂಡಿನದು 160. ಗಾತ್ರ ಮಾತ್ರ ಹತ್ತಿರಹತ್ತಿರ. ಹಗುರ ಚೆಂಡನ್ನು ಗಾಳಿ ಬೇಗ ತಡೆಯುತ್ತೆ. ನನ್ನ ಸ್ಥೂಲ ಲೆಕ್ಕದ ಪ್ರಕಾರ ಬ್ಯಾಟರ್ ತಲುಪುವಷ್ಟರಲ್ಲಿ ಕ್ರಿಕೆಟ್ ಚೆಂಡು ಗಾಳಿಯಲ್ಲೇ ಹತ್ತನೇ ಒಂದು ಭಾಗ ವೇಗ ಕಳೆದುಕೊಂಡರೆ ಟೆನಿಸ್ ಚೆಂಡು ಕಾಲು ಭಾಗ ಕಳೆದುಕೊಳ್ಳುತ್ತೆ. ಟೂರ್ನಿಗಳಲ್ಲಿ ಬಳಸುವ ಭಾರದ ಟೆನಿಸ್ ಚೆಂಡಿನಲ್ಲಿ ಈ ನಷ್ಟ ಸ್ವಲ್ಪ ಕಡಿಮೆ. ಅಂದರೆ "ಜೋರ್ ಒಗಿ" ಎಂಬ ಸಲಹೆ ಕೇಳಿ ಭುಜ ನೋಯಿಸಿಕೊಂಡು ಗಳಿಸಿದ ವೇಗದಲ್ಲಿ ದೊಡ್ಡ ಪಾಲನ್ನು ಗಾಳಿ ತಿನ್ನುತ್ತೆ. ವೇಗದ ಚೆಂಡಿಗೂ ನಿಧಾನದ ಚೆಂಡಿಗೂ ನಡುವಿನ ಸಮಯದ ಅಂತರವನ್ನು ಅದು ತಿನ್ನಲ್ಲ, ಇನ್ನೂ ಸ್ವಲ್ಪ ಹಿಗ್ಗಿಸುತ್ತೆ.

ಆಕ್ಷೇಪವೂ ಇದೆ, ಅದರಲ್ಲಿ ಹುರುಳೂ ಇದೆ. ಬೇಗ ಸ್ಲೋವರ್ ಬಾಲ್ ಕಲಿತ ಹುಡುಗ ವೇಗ ಬೆಳೆಸಿಕೊಳ್ಳುವುದೇ ಇಲ್ಲ, ಟ್ರಯಲ್ಸ್‌ಗೆ ಹೋದಾಗ ಆಯ್ಕೆದಾರರು ನೋಡುವುದು ವೇಗವನ್ನೇ ಅಂತ ಕೋಚ್‌ಗಳು ಹೇಳ್ತಾರೆ. ಬೆಳಗಾವಿಯಿಂದ ರಾಜ್ಯ ತಂಡಕ್ಕೆ ಹೋದ ರೋನಿತ್ ಮೋರೆ ವೇಗದ ಬೌಲರ್ ಆಗಿಯೇ ಹೋದರು, ನಿಜ. ಧಾರವಾಡ ವಲಯದ ದೂರದ ತಾಲೂಕಿನಿಂದ ಬಂದವನಿಗೆ ಟ್ರಯಲ್ಸ್‌ನಲ್ಲಿ ಸಿಗುವುದು ಕೆಲವೇ ಎಸೆತ. ಅಲ್ಲಿ ಕಣ್ಣಿಗೆ ಬೀಳುವುದು ರಭಸ. ಹಾಗಾಗಿ ಕ್ರಮ ಬದಲಾಯಿಸಬಾರದು: ಮೊದಲು ನಂಬುವಂಥ ಒಂದು ಜೋರು ಎಸೆತ, ಆಮೇಲೆ ಅದರ ನಕಲು. ಜೋರು ಎಸೆತದ ಭಯವೇ ಇಲ್ಲದಿದ್ದರೆ ನಿಧಾನದ್ದಕ್ಕೆ ಯಾರೂ ಮೋಸ ಹೋಗಲ್ಲ. ಆದರೆ ಹದಿನಾಲ್ಕು ಹದಿನೈದಕ್ಕೇ ತನ್ನ ಗರಿಷ್ಠ ವೇಗ ಮುಟ್ಟಿಬಿಟ್ಟ, ಎತ್ತರ ಬೆಳೆಯದ ಮಕ್ಕಳಿಗೆ "ನಿನ್ನಿಂದ ಆಗಲ್ಲ" ಅನ್ನುವ ಬದಲು ಕಲಿಸಬಹುದಾದದ್ದು ಇದು. ಶಾಲೆಯ ಸಾಫ್ಟ್‌ಬಾಲ್ ತಂಡದ ಹುಡುಗಿಯರಿಗೆ ಇನ್ನೂ ಹೆಚ್ಚು ಅನ್ವಯಿಸುತ್ತೆ. ಅವರಿಗೆ ಪಿಚಿಂಗ್ ಕೋಚ್ ಸಿಗುವುದೇ ಅಪರೂಪ. ಇರುವ ದೈಹಿಕ ಶಿಕ್ಷಕರೇ ಕಬಡ್ಡಿ, ಕೊಕ್ಕೊ, ವಾಲಿಬಾಲ್ ಎಲ್ಲ ನೋಡಿಕೊಳ್ಳಬೇಕು.

ಸ್ಪೀಡ್ ಗನ್ ಇಲ್ಲ ಎಂಬುದು ನೆಪವಾಗಬೇಕಿಲ್ಲ. ಮೊಬೈಲ್‌ನ ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಚಿತ್ರ ಸಿಗುವಂತಿದ್ದರೆ ಸೆಕೆಂಡಿನ ಹತ್ತನೇ ಭಾಗ ಅಂದರೆ 24 ಚಿತ್ರ. ಪಕ್ಕದಿಂದ ಚಿತ್ರೀಕರಿಸಿ ಚೆಂಡು ಕೈಬಿಟ್ಟಲ್ಲಿಂದ ಬ್ಯಾಟರ್ ತಲುಪುವವರೆಗಿನ ಚಿತ್ರಗಳನ್ನು ಎಣಿಸಿ. ಜೋರಿನದು 120, ನಿಧಾನದ್ದು 145 ಬಂದರೆ ವ್ಯತ್ಯಾಸ ಸಾಕು. 125 ಬಂದರೆ ಅದು ಬರೀ ಸೋತ ಜೋರು ಎಸೆತ, ಬ್ಯಾಟರ್ ಅದನ್ನು ಹಾಗೇ ತಿದ್ದಿಕೊಂಡು ಹೊಡೆಯುತ್ತಾನೆ. ಆಮೇಲೆ ಫೋನನ್ನು ವಿಕೆಟ್ ಕೀಪರ್ ಜಾಗದಲ್ಲಿಟ್ಟು ಹತ್ತು ಎಸೆತ ಚಿತ್ರೀಕರಿಸಿ, ಚೆಂಡು ಕೈಬಿಡುವ ಕ್ಷಣಕ್ಕೆ ವಿಡಿಯೊ ನಿಲ್ಲಿಸಿ, ತಂಡದ ಬೇರೆ ಹುಡುಗರಿಗೆ ತೋರಿಸಿ ಯಾವುದು ಜೋರು, ಯಾವುದು ನಿಧಾನ ಅಂತ ಕೇಳಿ. ಹತ್ತರಲ್ಲಿ ಎಂಟೊಂಬತ್ತು ಸರಿ ಹೇಳಿದರೆ ತೋಳು ಗುಟ್ಟು ಬಿಟ್ಟುಕೊಡುತ್ತಿದೆ. ಐದಾರು ಸರಿ ಹೇಳಿದರೆ ಅವರು ಊಹಿಸುತ್ತಿದ್ದಾರೆ. ಆ ಎಸೆತವನ್ನು ಭಾನುವಾರದ ಪಂದ್ಯಕ್ಕೆ ತೆಗೆದುಕೊಂಡು ಹೋಗಬಹುದು.